ಲೋಕಲ್ ಗಾಡಿ ಕೇಳುವ ಮುನ್ನ ಲೂಪ್ ಲೈನಿನ ಲೆಕ್ಕ

ಅಣ್ಣಿಗೇರಿ, ಕುಂದಗೋಳದಿಂದ ದಿನಾ ಹುಬ್ಬಳ್ಳಿಗೆ ಓಡಾಡುವ ಪಾಸಿನವರ ಮನವಿ ಬಹುತೇಕ ಒಂದೇ ಸಾಲಿನದು: ‘ಇನ್ನೊಂದು ಗಾಡಿ ಬಿಡಿ.’ ಬರುವ ಉತ್ತರವೂ ಒಂದೇ ಸಾಲು: ‘ಪಾತ್ ಇಲ್ಲ.’ ಜಗಳ ಅಲ್ಲೇ ಹೂತುಹೋಗುತ್ತದೆ.

ಪಾತ್ ಎಂದರೆ ಹಳಿಯಲ್ಲ. ಕಂಟ್ರೋಲ್ ಆಫೀಸಿನ ಚಾರ್ಟಿನಲ್ಲಿ ಗಾಡಿಗೆ ಸಿಗುವ ಓರೆಗೆರೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ನಿಲ್ದಾಣಗಳು. ಎಕ್ಸ್‌ಪ್ರೆಸ್ ಗೆರೆ ಕಡಿದಾಗಿ ನಿಂತಿರುತ್ತದೆ, ಲೋಕಲ್ ಗೆರೆ ಮಲಗಿರುತ್ತದೆ. ಒಂದೇ ದಿಕ್ಕಿನ ಎರಡು ಗೆರೆ ಕೂಡುವ ಜಾಗದಲ್ಲಿ ಲೋಕಲ್ ಲೂಪ್ ಲೈನಿಗೆ, ಅಂದರೆ ನಿಲ್ದಾಣದ ಪಕ್ಕದ ಹಳಿಗೆ, ಸರಿಯಬೇಕು. ಜೋಡಿ ಹಳಿಯಿಂದ ಎದುರು ಗಾಡಿಯ ಕ್ರಾಸಿಂಗ್ ತಪ್ಪುತ್ತದೆ, ಹಿಂದಿನಿಂದ ಬರುವ ಗಾಡಿಯ ಕಾಟ ತಪ್ಪುವುದಿಲ್ಲ.

ತಾಸಿಗೆ 100 ಕಿ.ಮೀ. ಓಡುವ ಗಾಡಿ ಒಂದು ನಿಮಿಷ ನಿಂತರೆ ಹೋಗುವುದು ಒಂದೇ ನಿಮಿಷವಲ್ಲ. ಬ್ರೇಕ್ ಹಿಡಿದು ನಿಲ್ಲಲು ಒಂದೂವರೆ, ಮತ್ತೆ ವೇಗಕ್ಕೆ ಬರಲು ಸುಮಾರು ಮೂರು ನಿಮಿಷ. ಅಷ್ಟು ದೂರವನ್ನು ಓಡುತ್ತಲೇ ದಾಟಿದ್ದರೆ ಎರಡೂಕಾಲು ನಿಮಿಷ ಸಾಕಿತ್ತು. ನಿಂತದ್ದೂ ಸೇರಿ ನಷ್ಟ ಮೂರರಿಂದ ಮೂರೂವರೆ. ಅಣ್ಣಿಗೇರಿ–ಹುಬ್ಬಳ್ಳಿ ಸುಮಾರು 35 ಕಿ.ಮೀ.; ನಡುವೆ ಶಿಶ್ವಿನಹಳ್ಳಿ, ಹೆಬಸೂರು, ಕುಸುಗಲ್. ಸರಾಸರಿ 90ರಲ್ಲಿ ಎಕ್ಸ್‌ಪ್ರೆಸ್ಸಿಗೆ 23 ನಿಮಿಷವಾದರೆ, ಈ ಮೂರು ಕಡೆ ನಿಲ್ಲುವ, ಎಂಜಿನ್ ಎಳೆಯುವ ಲೋಕಲ್ಲಿಗೆ 33. ಎರಡು ಗಾಡಿಗಳ ನಡುವೆ 8 ನಿಮಿಷ ಬಿಡಬೇಕೆಂದುಕೊಂಡರೆ, ಲೋಕಲ್ ಹೊರಟ 18 ನಿಮಿಷದೊಳಗೆ ಅಣ್ಣಿಗೇರಿ ದಾಟುವ ಎಕ್ಸ್‌ಪ್ರೆಸ್ ಹುಬ್ಬಳ್ಳಿಗೆ ಮುನ್ನವೇ ಅದರ ಬೆನ್ನಿಗೆ ಬೀಳುತ್ತದೆ. ಮೆಮು (ಬೇರೆ ಎಂಜಿನ್ ಇಲ್ಲದೆ ಓಡುವ ವಿದ್ಯುತ್ ಗಾಡಿ) ಬೇಗ ವೇಗ ಹಿಡಿಯುವುದರಿಂದ ಈ ಅಂತರ ಸ್ವಲ್ಪ ಇಳಿಯುತ್ತದೆ.

ಲೂಪಿಗೆ ಹೋದ ಗಾಡಿಯ ಗತಿ ನೋಡಿ. ತಿರುವಿನಲ್ಲಿ 15 ಅಥವಾ 30ರ ವೇಗ, ಎಕ್ಸ್‌ಪ್ರೆಸ್ ಬರುವತನಕ ಕಾಯುವುದು, ಅದು ಮುಂದಿನ ಬ್ಲಾಕ್ (ಒಮ್ಮೆಗೆ ಒಂದೇ ಗಾಡಿ ಬಿಡುವ ಹಳಿಯ ತುಂಡು) ಖಾಲಿ ಮಾಡುವತನಕ ಮತ್ತೂ ಕಾಯುವುದು. ಕಾಲು ತಾಸು ಸಲೀಸಾಗಿ ಹೋಯಿತು. 9.20ಕ್ಕೆ ಇಳಿಯಬೇಕಾದವರು 9.40ಕ್ಕೆ ಇಳಿದರೆ ಮರುತಿಂಗಳು ಬಸ್ ಪಾಸ್ ತೆಗೆಸುತ್ತಾರೆ. ಆಮೇಲೆ ‘ಜನ ಹತ್ತುವುದಿಲ್ಲ’ ಎಂಬ ವರದಿ ಬರುತ್ತದೆ!

ಹಾಗಾಗಿ ಕೇಳಬೇಕಾದ್ದು ಗಾಡಿಯನ್ನಲ್ಲ, ಹೊತ್ತನ್ನು. ಎಕ್ಸ್‌ಪ್ರೆಸ್ಸಿನ ಹಿಂದೆ ಬಂದರೆ ಲೂಪಿನ ಭಯವಿಲ್ಲ, ಆದರೆ ಅದು ತಡವಾದ ದಿನ ಕಂಟ್ರೋಲರ್ ಲೋಕಲ್ಲನ್ನೂ ಹಿಡಿದಿಡಬಹುದು. 20–25 ನಿಮಿಷ ಮುಂಚೆ ಹೊರಡುವುದೇ ವಾಸಿ.

ಎಕ್ಸ್‌ಪ್ರೆಸ್ಸನ್ನೇ ನಮ್ಮೂರಲ್ಲಿ ನಿಲ್ಲಿಸಿ ಎನ್ನುವವರ ದಾರಿ ಬೇರೆ. ನಿಲುಗಡೆಯ ತೀರ್ಮಾನ ರೈಲ್ವೆ ಮಂಡಳಿಯದು. ಪ್ರಾಯೋಗಿಕ ನಿಲುಗಡೆ ಸಾಮಾನ್ಯವಾಗಿ ಆರು ತಿಂಗಳು, ಆಮೇಲೆ ಆ ನಿಲ್ದಾಣದ ಟಿಕೆಟ್ ಮಾರಾಟ ನೋಡುತ್ತಾರೆ. ಊರವರು ಎಡವುವುದು ಇಲ್ಲೇ. ತಿಂಗಳ ಪಾಸನ್ನು ರೈಲ್ವೆ 50 ಪ್ರಯಾಣವೆಂದು ಲೆಕ್ಕ ಹಿಡಿಯುತ್ತದೆ. ಅದನ್ನು ಹುಬ್ಬಳ್ಳಿಯಲ್ಲಿ ಹುಬ್ಬಳ್ಳಿಯಿಂದ ಎಂದು ತೆಗೆಸಿದರೆ ಆ ಐವತ್ತೂ ಹುಬ್ಬಳ್ಳಿಯ ಖಾತೆಗೆ. ಪಾಸು ನಿಮ್ಮೂರಿನ ಕೌಂಟರಿನಲ್ಲೇ ಆಗಲಿ. ಪಾಸಿನವರು ರಿಸರ್ವೇಶನ್ ಬೋಗಿ ಹತ್ತುವಂತಿಲ್ಲ, ಸೂಪರ್‌ಫಾಸ್ಟಿಗೆ ಸರ್ಚಾರ್ಜ್ ಬೇರೆ. ಎರಡು ಜನರಲ್ ಬೋಗಿಯ ಗಾಡಿ ನಿಂತರೂ ಕಾಲಿಡಲು ಜಾಗ ಎಲ್ಲಿ?

ಇನ್ನು ರೇಕ್, ಅಂದರೆ ಗಾಡಿಯ ಬೋಗಿಗಳ ಸಾಲು. ಬೆಳಿಗ್ಗೆ ಬಂದ ಬೋಗಿಗಳು ಸಂಜೆಯವರೆಗೆ ಸುಮ್ಮನೆ ನಿಲ್ಲುವುದಿಲ್ಲ, ಬೇರೆ ಊರಿಗೆ ಹೋಗಿ ಬರುತ್ತವೆ. ಆ ನಡುವಿನ ಓಟ ತಡವಾದರೆ 6 ಗಂಟೆಯ ಗಾಡಿ 7ಕ್ಕೆ. ಸಂಜೆ ಗಾಡಿಯ ದೂರು ಕೊಡುವಾಗ ಹಿಂದಿನ ಓಟ ಯಾವುದೆಂದು ವಿಚಾರಿಸಿ, ಅದು ಎಷ್ಟು ತಡ ಬಂತೆಂದೂ ಬರೆಯಿರಿ.

ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಸಂತೋಷ. ಆದರೆ ಲೋಕಲ್ಲಿಗೆ ಬೇಕಾದದ್ದು ಉದ್ದವಲ್ಲ, 9ರಿಂದ 9.30ರೊಳಗೆ ಖಾಲಿ ಇರುವ ಒಂದು ಲೈನು. ಗಾಡಿಯನ್ನು ಧಾರವಾಡದವರೆಗೆ ಮುಂದುವರಿಸಿದರೆ ಆ ಲೈನು ಐದು–ಹತ್ತು ನಿಮಿಷದಲ್ಲಿ ತೆರವಾಗುತ್ತದೆ. ಗದಗ, ಕುಂದಗೋಳ ಎರಡೂ ಕಡೆಯಿಂದ ಧಾರವಾಡಕ್ಕೆ ಎಂಜಿನ್ ತಿರುಗಿಸುವ ಕೆಲಸವಿಲ್ಲ. ಧಾರವಾಡದ ಕಚೇರಿ, ಕಾಲೇಜಿನವರು ಹುಬ್ಬಳ್ಳಿಯಲ್ಲಿಳಿದು ಚಿಗರಿ ಬಸ್ಸಿಗೆ ಓಡುವುದೂ ತಪ್ಪುತ್ತದೆ.

ಮನವಿ ವಿಭಾಗೀಯ ವ್ಯವಸ್ಥಾಪಕರಿಗೆ. ಅದರ ನಕಲು ಒಂದು ಆಪರೇಟಿಂಗ್ ವಿಭಾಗಕ್ಕೆ, ಒಂದು ಕಮರ್ಷಿಯಲ್ ವಿಭಾಗಕ್ಕೆ. ಒಂದೇ ಪುಟ ಸಾಕು: ಬೇಕಾದ ಹೊತ್ತು, ಪಾಸುಗಳ ಸಂಖ್ಯೆ, ಮೂವತ್ತು ದಿನ ಗಾಡಿ ನಿಜವಾಗಿ ಬಂದ ಹೊತ್ತಿನ ಪಟ್ಟಿ, ಲೂಪಿನಲ್ಲಿ ನಿಂತ ದಿನಗಳಿಗೆ ಕೆಂಪು ಗುರುತು.