ಬ್ರೂಡರ್‌ನಿಂದ ಹೊರಗೂಡಿಗೆ: ಮೊದಲ ಮೂರು ರಾತ್ರಿಯ ಜಾಗ್ರತೆ

ಗಿರಿರಾಜ, ಸ್ವರ್ಣಧಾರ ಅಥವಾ ನಾಟಿ ತಳಿಯ ಕೋಳಿಮರಿ ತಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಬ್ರೂಡರ್‌ನಿಂದ, ಅಂದರೆ ಬಲ್ಬಿನ ಶಾಖ ಕೊಟ್ಟು ಮರಿ ಸಾಕುವ ಜಾಗದಿಂದ, ಎಷ್ಟನೇ ದಿನಕ್ಕೆ ಹೊರಗೂಡಿಗೆ ಬಿಡಬಹುದು? ದಿನದ ಲೆಕ್ಕವನ್ನಷ್ಟೇ ನೆಚ್ಚಿಕೊಳ್ಳಬೇಡಿ. ಮರಿಯನ್ನು ಕೈಗೆತ್ತಿಕೊಂಡು ಕುತ್ತಿಗೆ, ಬೆನ್ನು, ಎದೆ ನೋಡಿ. ಮರಿತನದ ತುಪ್ಪಳ ಹೋಗಿ ಎಲ್ಲ ಕಡೆ ಪುಕ್ಕ ಮುಚ್ಚಿಕೊಂಡಿರಬೇಕು. ರೆಕ್ಕೆ ಬಲಿತು ಬಾಲ ಬಂದ ಮಾತ್ರಕ್ಕೆ ಮರಿ ತಯಾರಾಯಿತು ಅನ್ನುವಂತಿಲ್ಲ. ಎದೆ, ಹೊಟ್ಟೆಯ ಪುಕ್ಕ ಕೊನೆಗೆ ತುಂಬುತ್ತದೆ, ನೆಲದ ಥಂಡಿ ತಾಗುವುದೂ ಅಲ್ಲಿಗೇ. ಸಾಮಾನ್ಯವಾಗಿ ಇದಕ್ಕೆ ಐದರಿಂದ ಆರು ವಾರ ಹಿಡಿಯುತ್ತದೆ.

ಇನ್ನೊಂದು ಅಳತೆ ರಾತ್ರಿಯ ತಾಪಮಾನ. ಮಧ್ಯಾಹ್ನದ ಬಿಸಿಲು ನೋಡಿ ನಿರ್ಧರಿಸಬಾರದು, ಬೆಳಗಿನ ಜಾವ ಮೂರರಿಂದ ಐದರವರೆಗಿನ ಚಳಿ ಮುಖ್ಯ. ಗೂಡಿನೊಳಗೆ ಮರಿಯ ಎತ್ತರಕ್ಕೆ ಥರ್ಮಾಮೀಟರ್ ಕಟ್ಟಿ ಎರಡು ರಾತ್ರಿ ನೋಡಿ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಪುಕ್ಕ ತುಂಬಿದ ಮರಿಗೆ ಶಾಖ ಬೇಡ. ಡಿಸೆಂಬರ್, ಜನವರಿಯಲ್ಲಿ ಬಯಲುಸೀಮೆಯಲ್ಲೂ 15ಕ್ಕಿಂತ ಕೆಳಗಿಳಿಯುವುದುಂಟು. ಆಗ ಒಂದೆರಡು ವಾರ ತಡೆಯಿರಿ, ಇಲ್ಲವೇ ಗೂಡಿನಲ್ಲೂ ಬಲ್ಬ್ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಚಳಿಗಿಂತ ಎರಚಲು ಅಪಾಯ. ಒದ್ದೆಯಾದ ಪುಕ್ಕ ಬೆಚ್ಚಗಿಡುವುದಿಲ್ಲ.

ಶಾಖ ಬಿಡಿಸುವುದು ಬ್ರೂಡರ್‌ನಲ್ಲೇ ಆಗಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ನಾಲ್ಕನೇ ವಾರ ಹಗಲಿನಲ್ಲಿ ಬಲ್ಬ್ ಆರಿಸಿ, ಐದನೇ ವಾರ ರಾತ್ರಿಯೂ ಆರಿಸಿ. ಸಾಗಿಸುವ ಮೊದಲು ಮೂರು ರಾತ್ರಿಯಾದರೂ ಮರಿಗಳು ಶಾಖವಿಲ್ಲದೆ, ಹರಡಿಕೊಂಡು ಮಲಗಿರಬೇಕು. ಒಂದರ ಮೇಲೊಂದು ಬಿದ್ದು ಚಿಂವ್‌ಗುಟ್ಟುತ್ತಿದ್ದರೆ ಇನ್ನೂ ಕಾಲ ಬಂದಿಲ್ಲ.

ಗೂಡಿನ ಲೆಕ್ಕ 100 ಮರಿಗೆ ಹೇಳುತ್ತೇನೆ. ಎಂಟು ವಾರದವರೆಗೆ ಮರಿಗೊಂದು ಚದರ ಅಡಿ, ಅಂದರೆ 10 ಅಡಿಗೆ 10 ಅಡಿ. ಅಲ್ಲೇ ದೊಡ್ಡವಾಗಬೇಕಿದ್ದರೆ ಇದರ ದುಪ್ಪಟ್ಟು. ನೆಲಕ್ಕೆ ಸುಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಮೂರು ಇಂಚು ಭತ್ತದ ಹೊಟ್ಟು ಹರಡಿ. ಕೋಳಿ ಬಲೆ ಎಂದು ಮಾರುವ ತೆಳು ಜಾಲರಿ ಮರಿಯನ್ನು ಒಳಗಿಡುತ್ತದೆ, ಮುಂಗುಸಿ, ನಾಯಿಯನ್ನು ಹೊರಗಿಡುವುದಿಲ್ಲ. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ) ಹೊಡೆಸಿ, ಅದರ ಅಂಚನ್ನು ಒಂದಡಿ ಮಣ್ಣಿನಲ್ಲಿ ಹೂಳಿ. ಹೆಗ್ಗಣ ತೋಡುವುದು ಗೋಡೆಯ ಬುಡದಲ್ಲೇ. ಗಾಳಿ ಬೀಸುವ ಕಡೆ ಗೋಣಿಚೀಲದ ಪರದೆ ಇರಲಿ, ಆದರೆ ಮೇಲೆ ಒಂದಡಿ ತೆರೆದಿರಲಿ. ಪೂರ್ತಿ ಮುಚ್ಚಿದರೆ ಅಮೋನಿಯಾ ತುಂಬಿ ಮರಿಗಳ ಕಣ್ಣು ಉರಿಯುತ್ತದೆ, ಉಸಿರಾಟದ ರೋಗಕ್ಕೆ ದಾರಿಯಾಗುತ್ತದೆ.

ಬಿಸಿಲಿರುವ ದಿನ ಬೆಳಿಗ್ಗೆಯೇ ಸಾಗಿಸಿ, ಕತ್ತಲಾಗುವ ಮೊದಲು ಮರಿಗಳು ನೀರು, ಆಹಾರ, ಮೂಲೆ ಎಲ್ಲವನ್ನೂ ಕಂಡುಕೊಳ್ಳಬೇಕು. ಕಾಲು ಹಿಡಿದು ತಲೆಕೆಳಗಾಗಿ ಒಯ್ಯಬೇಡಿ, ಗಾಳಿಯಾಡುವ ಕ್ರೇಟ್ ಅಥವಾ ಬುಟ್ಟಿ ಬಳಸಿ. ಬ್ರೂಡರ್‌ನಲ್ಲಿದ್ದ ನೀರಿನ ಡಬ್ಬಿ, ಆಹಾರದ ತಟ್ಟೆಗಳೇ ಒಂದು ವಾರ ಇರಲಿ. ಜಾಗ ಹೊಸದಾದಾಗ ಪಾತ್ರೆಯೂ ಹೊಸದಾದರೆ ಕೆಲವು ಮರಿ ದಿನವಿಡೀ ನೀರು ಮುಟ್ಟುವುದಿಲ್ಲ. ಬ್ರೂಡರ್‌ನಲ್ಲಿ ಕೊಡುತ್ತಿದ್ದ ಚಿಕ್ ಮ್ಯಾಶ್, ಅಂದರೆ ಮರಿಗಳ ಪುಡಿ ಆಹಾರವೇ, ಎಂಟು ವಾರದವರೆಗೆ ಮುಂದುವರಿಯಲಿ. ಮೊಟ್ಟೆ ಇಡುವ ದೊಡ್ಡ ಕೋಳಿಗೆ ತಂದ ಲೇಯರ್ ಆಹಾರ ಹಾಕಬೇಡಿ, ಅದರಲ್ಲಿನ ಹೆಚ್ಚಿನ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಲಸಿಕೆ ಹಾಕಿದ ದಿನವೇ ಸಾಗಿಸುವುದೂ ಬೇಡ, ಮೂರ್ನಾಲ್ಕು ದಿನ ಅಂತರವಿರಲಿ.

ನಷ್ಟ ಹೆಚ್ಚಾಗಿ ಆಗುವುದು ಮೊದಲ ರಾತ್ರಿಗಳಲ್ಲಿ. ಬೆಳಕಿಗೆ ರೂಢಿಯಾದ ಮರಿಗಳು ಏಕಾಏಕಿ ಕತ್ತಲಾದಾಗ ಬೆದರಿ ಒಂದೇ ಮೂಲೆಗೆ ನುಗ್ಗುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ. ಬೆಳಿಗ್ಗೆ ಮೂಲೆಯಲ್ಲಿ ಐದಾರು ಮರಿ ಚಪ್ಪಟೆಯಾಗಿ, ಮೈ ಬೆವರಿದಂತೆ ತೇವವಾಗಿ ಬಿದ್ದಿದ್ದರೆ ರೋಗವೆಂದು ಔಷಧಿ ಅಂಗಡಿಗೆ ಓಡುವ ಮೊದಲು ಇದನ್ನು ಯೋಚಿಸಿ. ನಾಲ್ಕೂ ಮೂಲೆಗೆ ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡನ್ನು ಬಾಗಿಸಿ ನಿಲ್ಲಿಸಿ, ಮೂಲೆ ದುಂಡಗಾಗಲಿ. ಮೂರು ರಾತ್ರಿ ಜೀರೋ ಬಲ್ಬ್ ಉರಿಯಲಿ. ವಿದ್ಯುತ್ ಕೈಕೊಡುವ ಊರಾದರೆ ಚಾರ್ಜಿಂಗ್ ದೀಪ ಸಿದ್ಧವಿರಲಿ. ರಾತ್ರಿ ಎಂಟಕ್ಕೆ ಒಂದು ಸಲ, ಮಲಗುವ ಮುನ್ನ ಇನ್ನೊಂದು ಸಲ ಹೋಗಿ ನೋಡಿ. ಗುಂಪುಗಟ್ಟಿದ್ದರೆ ಕೈಯಿಂದಲೇ ಮೆಲ್ಲಗೆ ಬಿಡಿಸಿ.

ಮುಂದಿನ ಹತ್ತು ದಿನ ಹಿಕ್ಕೆಯ ಮೇಲೆ ಕಣ್ಣಿಡಿ. ಮೂರರಿಂದ ಆರು ವಾರದ ಮರಿಗೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಬರುವ ಕಾಲ. ನೀರಿನ ಡಬ್ಬಿಯ ಸುತ್ತ ಒದ್ದೆಯಾದ ಹೊಟ್ಟೇ ಇದಕ್ಕೆ ತವರು. ಒದ್ದೆ ಹೊಟ್ಟನ್ನು ಅಂದಂದೇ ತೆಗೆದು ಒಣ ಹೊಟ್ಟು ಹಾಕಿ, ಡಬ್ಬಿಯ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆ ಕೊಡಿ. ಮರಿ ಪುಕ್ಕ ಕೆದರಿ ರೆಕ್ಕೆ ಇಳಿಬಿಟ್ಟು ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಔಷಧಿಯನ್ನು ನೀರಿನಲ್ಲಿ ಕೊಡಿ. ಒಂದು ಮರಿಯಲ್ಲಿ ಕಂಡರೂ ಇಡೀ ಗುಂಪಿಗೆ ಚಿಕಿತ್ಸೆ ಬೇಕು.

ಅಂಗಳಕ್ಕೆ ಬಿಡುವುದು ಐದಾರು ದಿನ ಗೂಡಿನಲ್ಲೇ ಕೂಡಿಟ್ಟ ಮೇಲೆ. ಆಗಷ್ಟೇ ಅದು ತಮ್ಮ ಮನೆಯೆಂದು ಗುರುತು ಹತ್ತಿ ಸಂಜೆ ತಾವಾಗಿ ಮರಳುತ್ತವೆ. ಮೊದಲ ದಿನ ಸಂಜೆ ನಾಲ್ಕರ ನಂತರ, ಆಹಾರ ಹಾಕುವ ಒಂದು ತಾಸು ಮುಂಚೆ ಬಿಡಿ, ಹಸಿವೇ ಒಳಗೆ ಕರೆತರುತ್ತದೆ. ದೊಡ್ಡ ಕೋಳಿಗಳ ಜೊತೆ ಈಗಲೇ ಬೆರೆಸಬೇಡಿ. ಅವು ಕುಟ್ಟುವುದಲ್ಲದೆ ತಮಗೆ ಬಾಧಿಸದ ರೋಗಾಣುವನ್ನೂ ಮರಿಗೆ ದಾಟಿಸುತ್ತವೆ. ಗಾತ್ರ ಹೆಚ್ಚುಕಡಿಮೆ ಸಮನಾದ ಮೇಲೆ, ನಡುವೆ ಜಾಲರಿ ಹಾಕಿ ಒಂದು ವಾರ ಅಕ್ಕಪಕ್ಕ ಇರಿಸಿ, ನಂತರ ರಾತ್ರಿ ಹೊತ್ತಿನಲ್ಲಿ ಒಟ್ಟು ಸೇರಿಸಿ.