ಕಿವಿಗೆ ‘ಅಭ್ಯಾಸ’ ಆಯಿತು ಅಂದರೆ

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ನಮ್ಮೂರ ಮೈದಾನದಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಕಳೆದ ಸಲ ನಾನು ಕಿವಿಗೆ ಫೋಮ್ ಬಿರಡೆ ಹಾಕಿಕೊಂಡು ನಿಂತಿದ್ದೆ. ಪಕ್ಕದ ತೋಟದ ಅಜ್ಜ ನಕ್ಕರು. “ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ ಮಗಾ.” ಅದೇ ಸಂಜೆ ಜಗಲಿಯಲ್ಲಿ ಕೂತು ಕೇಳಿದರು, “ಈ ವರ್ಷ ಜೀರುಂಡೆ ಸದ್ದೇ ಇಲ್ವಲ್ಲ?” ತೋಟದ ತುಂಬ ಜೀರುಂಡೆಗಳು ಕಿರುಚುತ್ತಿದ್ದವು.

ಈ ‘ಅಭ್ಯಾಸ’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕತ್ತಿ ಹಿಡಿದರೆ ಅಂಗೈ ಗಟ್ಟಿಯಾಗುತ್ತದೆ. ಕಿವಿ ಗಟ್ಟಿಯಾಗುವುದಿಲ್ಲ. ಮೆಷಿನ್ ಸದ್ದು ಮೊದಲಿನಷ್ಟು ಜೋರು ಅನ್ನಿಸುತ್ತಿಲ್ಲ ಅಂದರೆ, ಕೇಳುವ ಶಕ್ತಿಯೇ ಕುಂದಿರಬಹುದು.

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂತೆ ಸುತ್ತಿದ ಕೊಳವೆಯಿದೆ. ಅದರಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲು ಕೋಶಗಳಿವೆ. ಅವನ್ನು ಗದ್ದೆಯ ಪೈರು ಅಂದುಕೊಳ್ಳಿ. ಗಾಳಿಗೆ ಬಾಗಿದ ಪೈರು ಮತ್ತೆ ಏಳುತ್ತದೆ. ಜೋರು ಸದ್ದಿನ ನಂತರ ಗುಂಯ್ ಅನ್ನುವ ಕಿವಿ ಮರುದಿನ ಸುಮ್ಮನಾಗುವುದೂ ಹೀಗೇ. ಆದರೆ ಆನೆ ತುಳಿದ ಪೈರು ಏಳುವುದಿಲ್ಲ. ಅದರಲ್ಲೂ ಆನೆ ಗದ್ದೆಗೆ ಇಳಿಯುವ ಕಡೆಯ ಪೈರೇ ಮೊದಲು ನೆಲಕಚ್ಚುತ್ತದೆ, ಅಲ್ವಾ? ಕಿವಿಯಲ್ಲೂ ಅಷ್ಟೇ. ಎಲ್ಲ ಸದ್ದೂ ಹಾದುಹೋಗುವ ಬಾಗಿಲ ಕಡೆಯಲ್ಲೇ ಕೀರಲು ದನಿ ಹಿಡಿಯುವ ಕೋಶಗಳಿವೆ. ಜೊತೆಗೆ ಕಿವಿಯ ತೂತು ಒಂದು ಕೊಳಲಿನ ಹಾಗೆ 3,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನ ಸದ್ದನ್ನು ಹಿಗ್ಗಿಸಿ ಒಳಗೆ ಬಿಡುತ್ತದೆ. ಹಾಗಾಗಿ ಪೆಟ್ಟು ಮೊದಲು ಕಾಣುವುದು 4,000 ಹರ್ಟ್ಸ್ ಸುತ್ತಮುತ್ತ. ಮೊದಲು ಜೀರುಂಡೆಯಂಥ ಸದ್ದು ಹೋಗುತ್ತದೆ. ಆಮೇಲೆ ಮಾತಿನೊಳಗಿನ ಸ, ಶ. “ದನಿ ಕೇಳುತ್ತೆ, ಏನಂದರು ಅಂತ ಗೊತ್ತಾಗಲ್ಲ” ಅನ್ನುವುದು ಅದಕ್ಕೇ. ಕೋಳಿಗೆ ಈ ಕೋಶಗಳು ಮತ್ತೆ ಹುಟ್ಟುತ್ತವೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ಮನುಷ್ಯರಿಗೆ ಆ ಭಾಗ್ಯವಿಲ್ಲ.

ಕಿವಿಯೊಳಗೆ ಕಾವಲೂ ಇದೆ. ಜೋರು ಸದ್ದಿಗೆ ನಡುಕಿವಿಯ ಪುಟ್ಟ ಸ್ನಾಯು ಬಿಗಿಯಾಗಿ ಮೂಳೆಯನ್ನು ಹಿಡಿದೆಳೆಯುತ್ತದೆ. ಆದರೆ ಕೋವಿಯ ಸದ್ದು 140 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ದಾಟಿ, ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದುಹೋಗಿರುತ್ತದೆ. ಕಾವಲುಗಾರ ಎದ್ದು ಕೂರುವಷ್ಟರಲ್ಲಿ ಕಳ್ಳ ಬೇಲಿ ಹಾರಿರುತ್ತಾನೆ.

ಇದೇನೂ ಹೊಸ ಸಂಗತಿಯಲ್ಲ. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್, ಬಾಯ್ಲರ್ ಕಟ್ಟುವ 100 ಕೆಲಸಗಾರರ ಕಿವಿಯ ಹತ್ತಿರ ಗಡಿಯಾರ ಹಿಡಿದು ಟಿಕ್ ಟಿಕ್ ಕೇಳುತ್ತದೆಯೇ ಎಂದು ನೋಡಿದ್ದರು. ಬಹುಪಾಲು ಜನರ ಕಿವಿ ಮಂದವಾಗಿತ್ತು.

ಗುಂಡು ಹಬ್ಬದ ದಿನ ಮಾತ್ರ. ಹುಲ್ಲು ಕೊಚ್ಚುವ ಮೆಷಿನ್ ಹಿಡಿದ ಹುಡುಗರದ್ದು ದಿನವಿಡೀ ಕೆಲಸ. 85 ಡೆಸಿಬಲ್ ಆದರೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಅವರು ಕಿವಿಗೆ ಹತ್ತಿ ತುರುಕುತ್ತಾರೆ. ಹತ್ತಿ ಗಾಳಿಯಾಡುವ ವಸ್ತು, ಸದ್ದೂ ಸಲೀಸಾಗಿ ನುಗ್ಗುತ್ತದೆ. ರಾತ್ರಿ ಬೆಚ್ಚಗಿನ ಎಣ್ಣೆ ಬಿಡುತ್ತಾರೆ. ಅದು ಕಿವಿಯ ತಮಟೆ ದಾಟಿ ಆ ಕೋಶಗಳ ಹತ್ತಿರ ಹೋಗುವುದೇ ಇಲ್ಲ. ದಯವಿಟ್ಟು ಎಣ್ಣೆ ಬಿಡಬೇಡಿ.

ಫೋಮ್ ಬಿರಡೆಯನ್ನು ಬೆರಳಲ್ಲಿ ಬತ್ತಿಯಂತೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗೆ ತಳ್ಳಿ. ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೋವಿಗಾದರೆ ಅದರ ಮೇಲೆ ಇಡೀ ಕಿವಿ ಮುಚ್ಚುವ ಇಯರ್ ಮಫ್ ಕೂಡ ಬೇಕು. ಬಲಭುಜಕ್ಕೆ ಕೋವಿ ಇಡುವವರ ಎಡಗಿವಿ ನಳಿಗೆಯ ಬಾಯಿ ಕಡೆಗಿರುತ್ತದೆ, ಪೆಟ್ಟು ಅದಕ್ಕೇ ಜಾಸ್ತಿ. ಅಜ್ಜ ಮೊಬೈಲನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಾರೆ.