ಖಗೋಳ ಪ್ರೊಫೆಸರ್ ಆಗೋದು ಹೇಗೆ?

ಪ್ರಶ್ನೆ: ಮಗಳು ಮಂಡ್ಯದಲ್ಲಿ ಬಿಎಸ್‌ಸಿ ಕೊನೆಯ ವರ್ಷದಲ್ಲಿದ್ದಾಳೆ. ಖಗೋಳ ಭೌತವಿಜ್ಞಾನದ ಪ್ರೊಫೆಸರ್ ಆಗ್ತೀನಿ ಅಂತಾಳೆ. ಅವರು ಮಾಡೋದಾದ್ರೂ ಏನು? ಇನ್ನೂ ಎಷ್ಟು ವರ್ಷ ಓದಬೇಕು?

ಮೊದಲು ಕೆಲಸದ ವಿಚಾರ ಹೇಳ್ತೀನಿ. ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣಿಟ್ಟು ಕೂರ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈಗ ಹಾಗಿಲ್ಲ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಹಾಗೆ ಸಿಕ್ಕಿದ ಬೆಳಕನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಓದುವುದೇ ದೊಡ್ಡ ಕೆಲಸ.

ಬೆಳಕನ್ನು ಓದೋದು ಅಂದ್ರೆ? ಗ್ಯಾಸ್ ಒಲೆಯ ನೀಲಿ ಉರಿಗೆ ಒಂದೇ ಚಿಟಿಕೆ ಉಪ್ಪು ಉದುರಿಸಿ ನೋಡಿ. ಉರಿ ಥಟ್ಟನೆ ಹಳದಿಯಾಗುತ್ತದೆ. ಅದು ಉಪ್ಪಿನೊಳಗಿನ ಸೋಡಿಯಂ ಬಣ್ಣ. ಸೂರ್ಯನ ಬೆಳಕನ್ನು ಕಾಮನಬಿಲ್ಲಿನ ಹಾಗೆ ಹರಡಿದರೆ ಅದೇ ಹಳದಿಯ ಜಾಗದಲ್ಲಿ ಎರಡು ಕಪ್ಪು ಗೆರೆ ಇರುತ್ತವೆ. ಅಂದರೆ ಸೂರ್ಯನಲ್ಲೂ ಸೋಡಿಯಂ ಇದೆ, ಅದು ಆ ಬಣ್ಣವನ್ನು ನುಂಗಿಕೊಂಡಿದೆ! 1868ರಲ್ಲಿ ಆ ಗೆರೆಗಳ ಪಕ್ಕದಲ್ಲೇ ಯಾರಿಗೂ ಗುರುತು ಸಿಗದ ಇನ್ನೊಂದು ಹಳದಿ ಗೆರೆ ಕಂಡಿತು. ಅದು ಹೀಲಿಯಂ. ಭೂಮಿಯಲ್ಲಿ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಓದಿನ ದಾರಿ ಉದ್ದ. ಎಂಎಸ್‌ಸಿ 2 ವರ್ಷ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ಓದಿದರೂ ಸಾಕು, ಖಗೋಳ ಅಂತಲೇ ಹೆಸರಿರುವ ಕೋರ್ಸ್ ಹುಡುಕಿ ಅಲೆಯಬೇಡಿ. ಆಮೇಲೆ ಪಿಎಚ್‌ಡಿಗೆ ಸೇರಲು ಜೆಸ್ಟ್ ಅಥವಾ ನೆಟ್ ಅನ್ನುವ ಪ್ರವೇಶ ಪರೀಕ್ಷೆ, ಸಂದರ್ಶನ, 5–6 ವರ್ಷ ಪಿಎಚ್‌ಡಿ. ಖರ್ಚಿನ ಚಿಂತೆ ಬೇಡ. ಜೆಆರ್‌ಎಫ್ ಅನ್ನುವ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕಿದರೆ ಶುರುವಿನಲ್ಲೇ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ನಂತರ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ: ಎರಡು ಮೂರು ವರ್ಷಕ್ಕೊಂದು ಊರು, ಎಷ್ಟೋ ಸಲ ಹೊರದೇಶ. ಅಸಿಸ್ಟೆಂಟ್ ಪ್ರೊಫೆಸರ್ ಆಗುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ಮದುವೆ ಯಾವಾಗ ಅಂತ ನೆಂಟರು ಕೇಳೋದೂ ಅದೇ ಹೊತ್ತಿಗೆ ಅಲ್ವಾ? ದಯವಿಟ್ಟು ಆಗ ಅವಳ ಬೆನ್ನಿಗೆ ನಿಲ್ಲಿ.

ಸೂರ್ಯನೋ, ಕಪ್ಪುಕುಳಿಯೋ, ಗ್ಯಾಲಕ್ಸಿಯೋ ಅಂತ ಈಗಲೇ ಆರಿಸಬೇಕಿಲ್ಲ. ಅದು ಪಿಎಚ್‌ಡಿ ಹೊತ್ತಿಗೆ ಗಟ್ಟಿಯಾಗುತ್ತದೆ. ಈಗ ಗಣಿತ ಮತ್ತು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಚೆನ್ನಾಗಿ ಕಲಿಯಲಿ. ಕೊಡೈಕೆನಾಲ್ ವೀಕ್ಷಣಾಲಯ ನೂರಕ್ಕೂ ಜಾಸ್ತಿ ವರ್ಷಗಳಿಂದ ತೆಗೆದಿರುವ ಸೂರ್ಯನ ಚಿತ್ರಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಒಂದು ಸೂರ್ಯಕಲೆ (ಸೂರ್ಯನ ಮೇಲೆ ಕಾಣುವ ಕಪ್ಪು ಮಚ್ಚೆ) ದಿನದಿಂದ ದಿನಕ್ಕೆ ಎಲ್ಲಿಗೆ ಸರಿಯಿತು ಅಂತ ಗುರುತು ಹಾಕುತ್ತಾ ಹೋಗಲಿ. ಸೂರ್ಯ ಒಂದು ಸುತ್ತು ತಿರುಗಲು ನಮಗೆ ಕಾಣುವಂತೆ ಸುಮಾರು 27 ದಿನ ಬೇಕು ಅನ್ನೋದನ್ನು ಮಂಡ್ಯದ ಮನೆಯಲ್ಲೇ ಕೂತು ಅವಳೇ ಲೆಕ್ಕ ಹಾಕಿ ನಿಮಗೆ ತೋರಿಸುತ್ತಾಳೆ.